ಏಜಾಕ್ಸ್‌ಗೆ ಒಂದು ಹೆಣ

ಪ್ರಾಚೀನ ಗ್ರೀಸಿನ ನಾಟಕಕಾರ ಸೊಫೊಕ್ಲಿಸ್ ಬರೆದ ‘ಏಜಾಕ್ಸ್’ ನಾಟಕ ಗ್ರೀಕ್ ಮೂಲದಲ್ಲಿ 1420 ಸಾಲು. ನಾಯಕ ಏಜಾಕ್ಸ್, ಟ್ರಾಯ್ ಯುದ್ಧದ ಗ್ರೀಕ್ ವೀರ, 865ನೇ ಸಾಲಿಗೇ ಕತ್ತಿ ಮೇಲೆ ಬಿದ್ದು ಸಾಯುತ್ತಾನೆ. ಆಮೇಲೆ ಐನೂರೈವತ್ತು ಸಾಲಿನಷ್ಟು ಹೊತ್ತು ಅವನ ಹೆಣ ರಂಗದ ಮೇಲೇ ಬಿದ್ದಿರುತ್ತದೆ. ಅದರ ಸುತ್ತ ನಿಂತು, ಇವನನ್ನು ಹೂಳಬೇಕೋ ಕಡಲ ಹಕ್ಕಿಗಳಿಗೆ ಬಿಡಬೇಕೋ ಅಂತ ದೊಡ್ಡವರೆಲ್ಲ ಜಗಳ ಆಡುತ್ತಾರೆ.

ನಟ ಸುಮ್ನೆ ಮಲಗಿದ್ದರಾಯಿತು, ಅದಕ್ಕೇನು ಅಂತ ಕೇಳಿದೆ. ನಾಟಕ ಆಡಿಸುವ ಮೇಷ್ಟ್ರು ನಕ್ಕರು. ‘ಮಲಗಿರೋಕೆ ಆಗಲ್ಲ ಕಣಯ್ಯ. 974ನೇ ಸಾಲಿಗೆ ಅವನ ಮಲತಮ್ಮ ಟ್ಯೂಸರ್ ಬರ್ತಾನೆ. ಆ ಪಾತ್ರಾನೂ ಇವನೇ ಮಾಡ್ಬೇಕು. ನಂಗೆ ಒಂದು ಹೆಣ ಮಾಡ್ಕೊಡು.’

ನನ್ನದು ಮರಗೆಲಸದ ಅಂಗಡಿ. ಬಾಗಿಲು, ಮಂಚ, ಅಡುಗೆಮನೆ ಕಪಾಟು ಹೊಟ್ಟೆಪಾಡು. ನಮ್ಮೂರಿನ ಹವ್ಯಾಸಿ ತಂಡಕ್ಕೆ ಹನ್ನೆರಡು ವರ್ಷದಿಂದ ಸೆಟ್ಟು, ಪ್ರಾಪರ್ಟಿ ಮಾಡಿಕೊಡುತ್ತಿದ್ದೇನೆ. ಸಿಂಹಾಸನ ಮಾಡಿದ್ದೇನೆ, ಗಿಲೀಟು ಕಿರೀಟ ಮಾಡಿದ್ದೇನೆ. ಹೆಣ ಇದೇ ಮೊದಲು.

ಮೇಷ್ಟ್ರ ಹಟಕ್ಕೆ ಕಾರಣ ಇದೆ. ಅಥೆನ್ಸ್‌ನಲ್ಲಿ ಮಾತಾಡುವ ಪಾತ್ರಗಳನ್ನೆಲ್ಲ ಮೂರೇ ಜನ ನಟರು ಹಂಚಿಕೊಳ್ಳುತ್ತಿದ್ದರು. ಮೂರನೆಯವನನ್ನು ಸೇರಿಸಿದ್ದೇ ಸೊಫೊಕ್ಲಿಸ್ ಅಂತ ಅರಿಸ್ಟಾಟಲ್ ಬರೆದಿದ್ದಾನೆ. ಈ ನಾಟಕದಲ್ಲಿ ಮಾತಿರುವ ಪಾತ್ರ ಎಂಟು. ಮೂರು ಜನ ಎಂಟು ಪಾತ್ರ ಮಾಡಬೇಕು ಅಂದರೆ ಮುಖವಾಡ ಬೇಕೇ ಬೇಕು. ಇನ್ನೊಂದು ಹಟವೂ ಇತ್ತು. ಅಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಲ್ಲಿ, ಡಯೊನೈಸಸ್ ರಂಗಮಂದಿರದಲ್ಲಿ, ನಾಟಕ ನಡೆಯುತ್ತಿದ್ದದ್ದು ಹಗಲಿನಲ್ಲಿ. ನಾವೂ ಹಗಲಲ್ಲೇ ಆಡಬೇಕಂತೆ. ಗ್ರಂಥಾಲಯದ ಹಿಂದಿನ ಬಯಲು, ಸಂಜೆ ನಾಲ್ಕೂವರೆ. ಪರದೆ ಇಲ್ಲ, ಲೈಟ್ ಇಲ್ಲ. ಲೈಟ್ ಆರಿಸಿ ಏನಾದರೂ ಅದಲುಬದಲು ಮಾಡೋಣ ಅಂದರೆ ಸೂರ್ಯನನ್ನು ಆರಿಸೋದು ಹೇಗೆ?

ಕನ್ನಡಕ್ಕೆ ಏಜಾಕ್ಸ್ ಹೊಸಬನೇನಲ್ಲ. ಬಿ.ಎಂ.ಶ್ರೀ. 1929ರಲ್ಲಿ ತಂದ ‘ಅಶ್ವತ್ಥಾಮನ್’ ಇದೇ ನಾಟಕದ ಅಚ್ಚಿನಲ್ಲಿ ಎರಕ ಹೊಯ್ದದ್ದು. ರಾತ್ರಿ ಹೊತ್ತು ಕೊಲ್ಲಲು ಹೊರಡುವ ಸೋತ ವೀರ ಅಂದರೆ ನಮಗೆ ನೆನಪಾಗುವವನು ಅಶ್ವತ್ಥಾಮನೇ ಅಲ್ವಾ. ಆದರೆ ಮೇಷ್ಟ್ರು ಈ ಸಲ ಮೂಲದ ಏಜಾಕ್ಸ್‌ನನ್ನೇ ಆಡುಮಾತಿನ ಕನ್ನಡಕ್ಕೆ ತಂದಿದ್ದರು. ನನ್ನ ಕೈಗೆ ಕೊಟ್ಟ ದುಡ್ಡು ಹದಿನೆಂಟು ಸಾವಿರ. ಸಮಯ ಒಂಬತ್ತು ವಾರ.

ಮೊದಲ ಮುಖವಾಡ: ದಂಡ

ಸೋಮನ ಕುಣಿತದ ಮುಖ ನೋಡಿ ಬೆಳೆದವನು ನಾನು. ಮುಖವಾಡ ಅಂದರೆ ದೊಡ್ಡ ಕಣ್ಣು, ದಪ್ಪ ಹುಬ್ಬು, ನೋಡಿದ ತಕ್ಷಣ ಎದೆ ಝಲ್ ಅನ್ನಬೇಕು. ಗ್ರೀಕ್ ಮುಖವಾಡ ಅಂದಾಗ ತಲೆಗೆ ಬಂದದ್ದು ನಾಟಕ ತಂಡಗಳ ಲೆಟರ್‌ಹೆಡ್ ಮೇಲಿರುವ ಜೋಡಿ ಮುಖ. ಒಂದು ನಗು, ಒಂದು ಅಳು. ಅಳುವ ಮುಖವನ್ನೇ ಮಣ್ಣಲ್ಲಿ ಮಾಡಿದೆ. ಬಾಯಿ ಬಾವಿಯ ಹಾಗೆ ತೆರೆದಿತ್ತು, ಮೂಲೆಗಳು ಕೆಳಕ್ಕೆ ಜೋತಿದ್ದವು. ಹಣೆಯ ಮೇಲೆ ಒಂದು ಗೇಣು ಎತ್ತರಕ್ಕೆ ಕೂದಲಿನ ಗುಡ್ಡ. ಎಲ್ಲೋ ಒಂದು ಚಿತ್ರದಲ್ಲಿ ಹಾಗಿತ್ತು.

ನ್ಯೂಸ್‌ಪೇಪರ್, ಅಂಟು, ಬಣ್ಣ. ನಾಲ್ಕು ದಿನದ ಕೆಲಸ. ತಾಲೀಮಿಗೆ ಒಯ್ದೆ. ಏಜಾಕ್ಸ್ ಮಾಡುವ ಹುಡುಗ ಹಾಕಿಕೊಂಡು ನಿಂತ. ಮೊದಲ ಎರಡು ನಿಮಿಷ ಎಲ್ಲರೂ ಬೆರಗಾದರು. ಮೂರನೇ ನಿಮಿಷಕ್ಕೆ ಬೇಜಾರು ಶುರುವಾಯಿತು. ಯಾಕೆ ಅಂದರೆ ಆ ಮುಖ ಮೊದಲಿನಿಂದಲೂ ಅಳುತ್ತಲೇ ಇದೆ. ಸಾಯೋ ಮೊದಲು ಏಜಾಕ್ಸ್ ಒಂದು ದೊಡ್ಡ ಮಾತಾಡುತ್ತಾನೆ. ಚಳಿಗಾಲ ಬೇಸಿಗೆಗೆ ದಾರಿ ಬಿಡುತ್ತದೆ, ರಾತ್ರಿ ಹಗಲಿಗೆ ದಾರಿ ಬಿಡುತ್ತದೆ, ನಾನೂ ಬಗ್ಗುತ್ತೇನೆ ಅಂತ. ಕೇಳಿದವರು, ಓ ಇವನು ಮನಸ್ಸು ಬದಲಾಯಿಸಿದ ಅಂದುಕೊಳ್ಳಬೇಕು. ಈ ಅಳುಮುಂಜಿ ಮುಖ ಇಟ್ಟುಕೊಂಡು ಅದನ್ನು ಹೇಳಿದರೆ ಯಾರು ನಂಬುತ್ತಾರೆ? ತೂಕ ಬೇರೆ ಒಂಬೈನೂರು ಗ್ರಾಂ.

ಮೇಷ್ಟ್ರು ಬೈಯಲಿಲ್ಲ. ಮೊಬೈಲ್‌ನಲ್ಲಿ ಒಂದು ಹೂಜಿಯ ಚಿತ್ರ ತೋರಿಸಿದರು. ಪ್ರೊನೊಮೊಸ್ ಹೂಜಿ ಅಂತ ಹೆಸರು. ಕ್ರಿ.ಪೂ. 400ರ ಸುಮಾರಿನದು, ಈಗ ಇಟಲಿಯ ನೇಪಲ್ಸ್ ಮ್ಯೂಸಿಯಂನಲ್ಲಿದೆ. ಅದರ ಮೇಲೆ ಒಂದು ನಾಟಕದ ತಂಡವೇ ನಿಂತಿದೆ. ನಟರು ತಮ್ಮ ತಮ್ಮ ಮುಖವಾಡ ಕೈಯಲ್ಲಿ ಹಿಡಿದಿದ್ದಾರೆ. ವೀರರ ಮುಖ ಶಾಂತವಾಗಿದೆ. ಬಾಯಿ ಮಾತು ಶುರು ಮಾಡುವಾಗ ಇರುವಷ್ಟೇ ತೆರೆದಿದೆ. ಮುಖವಾಡ ಮುಖಕ್ಕಷ್ಟೇ ಅಲ್ಲ, ಕೂದಲ ಸಮೇತ ಇಡೀ ತಲೆಗೆ ಹೆಲ್ಮೆಟ್ ಥರ ಇಳಿಯುತ್ತದೆ.

ನಾನು ನಕಲು ಮಾಡಿದ ಬಾವಿ ಬಾಯಿ, ಎತ್ತರದ ಹಣೆ ಎಲ್ಲ ಸೊಫೊಕ್ಲಿಸ್ ಸತ್ತು ಎಷ್ಟೋ ಕಾಲದ ಮೇಲೆ ಬಂದ ರೂಢಿ. ರೋಮನ್ನರ ಗೋಡೆಗಳ ಮೇಲೆ, ಕಲ್ಲಿನ ಮೇಲೆ ಅಂಥವೇ ಜಾಸ್ತಿ ಉಳಿದಿವೆ. ಸೊಫೊಕ್ಲಿಸ್ ಕಾಲದ ನಿಜವಾದ ಮುಖವಾಡ ಒಂದೂ ಉಳಿದಿಲ್ಲ. ಬಟ್ಟೆ, ಅಂಟು, ಕೂದಲು ಎರಡೂವರೆ ಸಾವಿರ ವರ್ಷ ಎಲ್ಲಿ ತಡೆಯುತ್ತವೆ?

ಆ ಮೊದಲ ಮುಖವಾಡ ಈಗ ಅಂಗಡಿ ಬಾಗಿಲ ಮೇಲೆ ದೃಷ್ಟಿಗೆ ನೇತಾಡುತ್ತಿದೆ. ಆ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಎರಡು ಮತ್ತು ಮೂರು

ಸೂಡಾ ಅನ್ನುವ ಹಳೇ ಬೈಜಾಂಟಿಯನ್ ಕೋಶದಲ್ಲಿ ಒಂದು ಮಾತಿದೆ. ಮೊದಲ ನಟ ಅಂತ ಹೆಸರಾದ ಥೆಸ್ಪಿಸ್ ಮೊದಮೊದಲು ಮುಖಕ್ಕೆ ಸೀಸದ ಬಿಳಿ ಬಳಿದುಕೊಳ್ಳುತ್ತಿದ್ದನಂತೆ, ಆಮೇಲೆ ಬರೀ ಲಿನನ್ ಬಟ್ಟೆಯ ಮುಖವಾಡ ತಂದನಂತೆ. ಲಿನನ್ ಅಂದರೆ ಅಗಸೆ ನಾರಿನ ಬಟ್ಟೆ. ಹಾಗಾದರೆ ಪೇಪರ್ ಬೇಡ, ಬಟ್ಟೆಯಲ್ಲೇ ಮಾಡೋಣ ಅಂದುಕೊಂಡೆ.

ಹುಡುಗನ ತಲೆಯ ಸುತ್ತಳತೆ 57 ಸೆಂಟಿಮೀಟರ್. ಬಟ್ಟೆ ಒಣಗುವಾಗ ಕುಗ್ಗುತ್ತದೆ ಅಂತ ಮಣ್ಣಿನ ತಲೆಯನ್ನು ಎಲ್ಲ ಕಡೆ ಎರಡು ಬೆರಳು ದೊಡ್ಡದು ಮಾಡಿದೆ. ಜೇಡಿಮಣ್ಣು ಕುಂಬಾರರ ಮನೆಯಿಂದ ತಂದದ್ದು, ಅವರೇ ಕಲಸಿ ಹದ ಮಾಡಿ ಕೊಟ್ಟರು. ಈ ಸಲ ಮುಖದಲ್ಲಿ ಏನೂ ಬರೆಯಬಾರದು ಅಂತ ಪಣ ತೊಟ್ಟಿದ್ದೆ. ಕೋಪ ಬೇಡ, ಅಳು ಬೇಡ. ಹುಬ್ಬಿನ ಮೂಳೆ ಮಾತ್ರ ಸ್ವಲ್ಪ ಮುಂದಕ್ಕೆ ತಂದೆ. ತಲೆ ತಗ್ಗಿಸಿದರೆ ಅದರ ನೆರಳು ಕಣ್ಣಿಗೆ ಬೀಳಬೇಕು, ಎತ್ತಿದರೆ ನೆರಳು ಹೋಗಬೇಕು. ಬಿಸಿಲಲ್ಲಿ ಆಡುವ ನಾಟಕಕ್ಕೆ ಅಷ್ಟು ಸಾಕು. ಬಾಗಿಲ ಚೌಕಟ್ಟಿಗೆ ಗೆರೆ ಕೊರೆಯುವಾಗಲೂ ಇದೇ ಲೆಕ್ಕ. ಗೆರೆ ಕಾಣುವುದಿಲ್ಲ, ಅದರ ನೆರಳು ಕಾಣುತ್ತದೆ.

ಮಣ್ಣಿನ ತಲೆಯ ಮೇಲೆ ಪಿಒಪಿ ಹಾಕಿ ಮುಂದೆ ಒಂದು, ಹಿಂದೆ ಒಂದು ಅಂತ ಎರಡು ಹೋಳಿನ ಅಚ್ಚು ತೆಗೆದೆ. ಅಚ್ಚಿನ ಒಳಗೆ ವ್ಯಾಸಲಿನ್ ಸವರಿ, ಅಂಟಿನಲ್ಲಿ ಅದ್ದಿದ ಬಟ್ಟೆ ಚೂರುಗಳನ್ನು ಬೆರಳಲ್ಲಿ ಒತ್ತಿ ಒತ್ತಿ ಕೂರಿಸಬೇಕು. ಮೂಗಿನ ತುದಿ, ತುಟಿ ಅಂಚಿನಲ್ಲಿ ಗಾಳಿ ಉಳಿದರೆ ಅಲ್ಲಿ ಗುಳ್ಳೆ. ಮೊದಲ ಪದರಕ್ಕೆ ಕಟ್‌ಪೀಸ್ ಅಂಗಡಿಯಲ್ಲಿ ಸಿಕ್ಕ ಲಿನನ್, ಆಮೇಲಿನ ಮೂರು ಪದರಕ್ಕೆ ನಮ್ಮಪ್ಪನ ಹಳೇ ಪಂಚೆ. ಪಂಚೆ ಮೆತ್ತಗೆ, ಹೇಳಿದ ಮಾತು ಕೇಳುತ್ತದೆ. ಲಿನನ್ ಸ್ವಲ್ಪ ಹಟಮಾರಿ, ಆದರೆ ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ.

ಅಂಟಿನ ವಿಷಯ ಒಂದು ಹೇಳಬೇಕು. ಮೈದಾ ಕುದಿಸಿ ಅಂಟು ಮಾಡಿದೆ. ಪೋಸ್ಟರ್ ಅಂಟಿಸುವವರು, ಪುಸ್ತಕ ಬೈಂಡ್ ಮಾಡುವವರು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಾರೆ, ಹುಳ ಬರಬಾರದು ಅಂತ. ಕೈ ಅಭ್ಯಾಸಕ್ಕೆ ನಾನೂ ಹಾಕಲು ಹೋದೆ. ನನ್ನ ಹೆಂಡತಿ ಕೂಗಿದಳು, ‘ಅದನ್ನ ಬಾಯಿಗೆ ಹಾಕ್ಕೊಳೋದಲ್ವಾ ಆ ಹುಡುಗ!’ ನಿಜ. ಒಂದೂಮುಕ್ಕಾಲು ಗಂಟೆ ಆ ಬಟ್ಟೆಗೆ ಮೂಗು ಬಾಯಿ ಇಟ್ಟುಕೊಂಡು ಉಸಿರಾಡುವವನು ಅವನು. ಮೈಲುತುತ್ತ ವಿಷ. ಅದನ್ನು ಬಿಟ್ಟು ಮೈದಾಗೆ ಕಾಲು ಭಾಗ ಫೆವಿಕಾಲ್ ಸೇರಿಸಿದೆ.

ಒಂದೇ ಅಚ್ಚಿನಿಂದ ಎರಡು ಮುಖವಾಡ ತೆಗೆಯಬೇಕು ಅನ್ನುವುದು ನನ್ನ ಯೋಜನೆ. ಒಂದು ಹುಡುಗನಿಗೆ, ಇನ್ನೊಂದು ಹೆಣಕ್ಕೆ. ಎರಡೂ ಹುಬೇಹೂಬು ಇದ್ದರೆ ಜನ ಮೋಸ ಹೋಗುತ್ತಾರೆ.

ಎರಡನೆಯದನ್ನು ಅವಸರಕ್ಕೆ ಅಚ್ಚಿನಿಂದ ಬಿಡಿಸಿ ತಾರಸಿ ಮೇಲೆ ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ಎಡ ದವಡೆ ಒಳಕ್ಕೆ ಎಳೆದುಕೊಂಡಿದೆ, ಕೆನ್ನೆ ಕಿರಿದಾಗಿದೆ, ಹುಡುಗನ ತಲೆಗೆ ಬಿಗಿ. ಮೂರನೆಯದನ್ನು ಅಚ್ಚಿನಲ್ಲೇ ಬಿಟ್ಟು, ನೆರಳಲ್ಲಿ, ಫ್ಯಾನ್ ಕೆಳಗೆ ಮೂರು ದಿನ ಇಟ್ಟೆ. ಅದು ಮಣ್ಣಿನ ತಲೆ ಹೇಗಿತ್ತೋ ಹಾಗೇ ಬಂತು. ತೂಕ 420 ಗ್ರಾಂ. ಎರಡನ್ನೂ ಬೆಂಚಿನ ಮೇಲೆ ಪಕ್ಕಪಕ್ಕ ಇಟ್ಟು ತಲೆ ಮೇಲೆ ಕೈ ಹೊತ್ತು ಕೂತೆ. ಒಂದೇ ಅಚ್ಚು, ಆದರೆ ಒಂದೇ ಮುಖ ಅಲ್ಲ.

ಮೇಷ್ಟ್ರು ಬಂದವರು ಎರಡನ್ನೂ ಸ್ವಲ್ಪ ಹೊತ್ತು ನೋಡಿದರು. ‘ಇವನು ಯಾರು, ತಮ್ಮನಾ?’ ಅಂದರು.

ಕೆಟ್ಟದ್ದೇ ಒಳ್ಳೆಯದಾಯಿತು. ಟ್ಯೂಸರ್ ಏಜಾಕ್ಸ್‌ನ ಮಲತಮ್ಮ. ಅಪ್ಪ ಒಬ್ಬನೇ, ತಾಯಿ ಬೇರೆ. ಅಚ್ಚು ಒಂದೇ, ಒಣಗಿದ ಜಾಗ ಬೇರೆ. ಕಿರಿದಾದ ಮುಖಕ್ಕೆ ಸ್ವಲ್ಪ ತಿಳಿ ಬಣ್ಣ, ಚಿಕ್ಕ ಗಡ್ಡ ಕೊಟ್ಟು ಟ್ಯೂಸರ್ ಮಾಡಿದೆವು. ಆದರೆ ಈಗ ಹೆಣಕ್ಕೆ ಮುಖ ಇಲ್ಲ. ಅದಕ್ಕೆ ಮೇಷ್ಟ್ರು ಹೇಳಿದ ದಾರಿ ಒಂದೇ: ಹುಡುಗ ತನ್ನ ಮುಖ ಬಿಚ್ಚಿ ಹೆಣಕ್ಕೆ ಹಾಕಿ ಹೋಗಬೇಕು.

ಅಯ್ಯೋ

ಧ್ವನಿಯ ಪರೀಕ್ಷೆಗೆ ನಾಟಕವೇ ಒಂದು ಮಾತು ಕೊಟ್ಟಿತ್ತು. ಗ್ರೀಕರ ಬಾಯಲ್ಲಿ ಅವನ ಹೆಸರು ಐಯಾಸ್. ನೋವಾದರೆ ಅವರು ಕೂಗುವುದು ‘ಐಐ’. ನನ್ನ ಹೆಸರೇ ನನ್ನ ಗೋಳಾಗುತ್ತದೆ ಅಂತ ಯಾರಂದುಕೊಂಡಿದ್ದರು ಅಂತ ಏಜಾಕ್ಸ್ ತಾನೇ ಹೇಳಿಕೊಳ್ಳುತ್ತಾನೆ. ಈ ಶ್ಲೇಷೆ ಇಂಗ್ಲಿಷಿಗೆ ಹೋದರೆ ಸತ್ತೇ ಹೋಗುತ್ತದೆ. ನಮಗೇನು ಕಷ್ಟ? ‘ಅಯ್ಯಯ್ಯೋ’ ಪಕ್ಕದಲ್ಲೇ ಇದೆ.

ಬಯಲಿನ ಕೊನೇ ಸಾಲಿನಲ್ಲಿ, ಅಂದರೆ ಸುಮಾರು 22 ಮೀಟರ್ ದೂರದಲ್ಲಿ ನಾನು ಕೂತೆ. ಹುಡುಗ ‘ಅಯ್ಯೋ’ ಅಂದ. ನನಗೆ ಕೇಳಿದ್ದು ‘ಹೊಯ್’. ಇನ್ನೊಮ್ಮೆ ಅಂದ. ದನ ಓಡಿಸಿದ ಹಾಗಿತ್ತು.

ಗ್ರೀಕ್ ಮುಖವಾಡ ಭೋಂಗಾದ ಥರ ಧ್ವನಿ ದೊಡ್ಡದು ಮಾಡುತ್ತಿತ್ತು ಅಂತ ಹೇಳುವವರು ಇದ್ದಾರೆ. ನಮ್ಮದಂತೂ ಏನೂ ದೊಡ್ಡದು ಮಾಡಲಿಲ್ಲ. ಆದರೆ ಒಳಗಿರುವವನ ಕಿವಿಗೆ ಅವನದೇ ಧ್ವನಿ ಗುಂಯ್ ಅನ್ನುತ್ತದೆ. ನಾನು ಜೋರಾಗಿ ಹೇಳುತ್ತಿದ್ದೇನೆ ಅಂದುಕೊಂಡು ಅವನು ದನಿ ಇಳಿಸುತ್ತಾನೆ. ಹೊರಗಿರುವವರಿಗೆ ವ್ಯಂಜನ ಎಲ್ಲ ಮಾಯ, ಸ್ವರ ಮಾತ್ರ ಉಳಿಯುತ್ತದೆ.

ಎರಡು ರಿಪೇರಿ ಮಾಡಿದೆ. ಬಾಯಿಯನ್ನು ಒಳಗಡೆಯಿಂದ ಕೆತ್ತಿ ಅಗಲ ಮಾಡಿದೆ. ಹೊರಗಿನ ತುಟಿ ಹಾಗೇ ಇದೆ, ಒಳಗೆ ಮಾತ್ರ ಆಲಿಕೆಯ ಹಾಗೆ ಇಳಿಜಾರು. ಆಮೇಲೆ, ಮುಖವಾಡ ಹುಡುಗನ ತುಟಿಗೆ ತಾಗುತ್ತಿತ್ತು, ಅದನ್ನು ಮುಂದಕ್ಕೆ ತಳ್ಳಬೇಕಿತ್ತು. ಫೋಮ್ ಹಚ್ಚಿದೆ, ಅದು ಬೆವರು ಕುಡಿದು ನಾರತೊಡಗಿತು. ಕೊನೆಗೆ ವೇಷಭೂಷಣ ನೋಡಿಕೊಳ್ಳುವ ಅಕ್ಕ ಹಳೇ ಸೀರೆ ಸುತ್ತಿ ಒಂದು ಸಿಂಬೆ ಮಾಡಿಕೊಟ್ಟರು. ಬಿಂದಿಗೆ ಹೊರಲು ತಲೆ ಮೇಲೆ ಇಡುತ್ತಾರಲ್ಲ, ಅದೇ. ಮುಖವಾಡದ ಒಳಗೆ, ನೆತ್ತಿಗೆ ಆ ಸಿಂಬೆ ಹೊಲಿದು ಕೂರಿಸಿದೆವು. ಭಾರ ಎಲ್ಲ ನೆತ್ತಿಗೆ ಹೋಯಿತು, ತುಟಿಗೂ ಬಟ್ಟೆಗೂ ಒಂದು ಬೆರಳು ಸಂದು ಬಿತ್ತು. ಒಗೆದು ಹಾಕಬಹುದು, ಬಿಚ್ಚಿ ಸುತ್ತಬಹುದು. ಟ್ಯೂಸರ್ ಮುಖವಾಡ ಬಿಗಿ ಇತ್ತಲ್ಲ, ಅದಕ್ಕೆ ತೆಳ್ಳಗಿನ ಸಿಂಬೆ.

ಕೊನೇ ಸಾಲಿಗೆ ‘ಅಯ್ಯೋ’ ಅಯ್ಯೋ ಆಗಿಯೇ ಬಂತು.

ಉಳಿದದ್ದು ನಟನ ಕೆಲಸ. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಪೀಟರ್ ಹಾಲ್ 1981ರಲ್ಲಿ ಈಸ್ಕಿಲಸ್‌ನ ‘ಒರೆಸ್ಟಿಯಾ’ವನ್ನು ಪೂರ್ತಿ ಮುಖವಾಡ ಹಾಕಿಸಿ ಆಡಿಸಿದ್ದರು, ಮಾರನೇ ವರ್ಷ ಅದನ್ನು ಗ್ರೀಸಿನ ಎಪಿಡಾರಸ್‌ಗೂ ಒಯ್ದಿದ್ದರು. ಅದರ ಫೋಟೋ ನೋಡಿದರೆ ನಟರು ಪ್ರೇಕ್ಷಕರ ಕಡೆಗೇ ಮುಖ ಮಾಡಿ ನಿಂತಿರುವುದು ಜಾಸ್ತಿ. ನಮಗೂ ತಾಲೀಮಿನಲ್ಲಿ ಅದೇ ಗೊತ್ತಾಯಿತು. ಮುಖವಾಡ ಹಾಕಿಕೊಂಡು ಪಕ್ಕದವನ ಕಡೆ ತಿರುಗಿ ಮಾತಾಡಿದರೆ ಮಾತು ಅಲ್ಲೇ ಬಿದ್ದುಹೋಗುತ್ತದೆ. ನಮ್ಮ ಯಕ್ಷಗಾನದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಧಾರಾವಾಹಿ ನೋಡಿ ನಟನೆ ಕಲಿತ ಹುಡುಗರಿಗೆ ಹೇಳಿಕೊಡಬೇಕು.

ಮೇಳದವರ, ಅಂದರೆ ಒಟ್ಟಾಗಿ ಹಾಡುವ ಗುಂಪಿನವರ ಮುಖವಾಡ ಬೇರೊಂದು ಅಚ್ಚಿನಲ್ಲಿ ಎಂಟು ತೆಗೆದೆ. ಅಥೆನ್ಸ್‌ನಲ್ಲಿ ಮೇಳಕ್ಕೆ ಹದಿನೈದು ಜನ, ನಮಗೆ ಸಿಕ್ಕವರು ಎಂಟೇ. ನಾಟಕದಲ್ಲಿ ಇವರು ಏಜಾಕ್ಸ್ ಜೊತೆ ಬಂದ ಸಲಾಮಿಸ್ ದ್ವೀಪದ ನಾವಿಕರು. ಸೆಣಬಿನ ಗಡ್ಡ ಅಂಟಿಸಿದ್ದು ಬಿಟ್ಟರೆ ಹೇಳುವಂಥದ್ದೇನಿಲ್ಲ.

ಗಾಡಿ ಮತ್ತು ಕುರಿಗಳು

ಅಕಿಲಿಸ್ ಸತ್ತ ಮೇಲೆ ಅವನ ಆಯುಧ ತನಗೆ ಸಿಗಲಿಲ್ಲ, ಒಡಿಸ್ಯೂಸ್‌ಗೆ ಹೋಯಿತು ಅಂತ ಏಜಾಕ್ಸ್‌ಗೆ ಸಿಟ್ಟು. ಗ್ರೀಕ್ ನಾಯಕರನ್ನೇ ಕೊಲ್ಲಲು ರಾತ್ರಿ ಹೊರಡುತ್ತಾನೆ. ಅಥೀನಾ ದೇವಿ ಅವನ ಕಣ್ಣಿಗೆ ಮಂಕು ಕವಿಸುತ್ತಾಳೆ. ಅವನು ಕೊಚ್ಚಿ ಹಾಕುವುದು ದನ ಕುರಿಗಳನ್ನು. ಡೇರೆಯ ಬಾಗಿಲು ತೆರೆದಾಗ ಆ ರಾಶಿಯ ನಡುವೆ ಕೂತಿರುತ್ತಾನೆ.

ಒಳಗಿನದನ್ನು ಹೊರಗೆ ತೋರಿಸಲು ಗ್ರೀಕರಲ್ಲಿ ಚಕ್ರದ ಹಲಗೆಯೊಂದಿತ್ತು, ಎಕ್ಕಿಕ್ಲೆಮಾ ಅಂತ. ಕ್ರಿ.ಪೂ. 425ರ ತನ್ನ ಪ್ರಹಸನವೊಂದರಲ್ಲಿ ಅರಿಸ್ಟೊಫೇನಿಸ್ ದುರಂತ ನಾಟಕಕಾರ ಯೂರಿಪಿಡೀಸ್‌ನನ್ನೇ ಅದರ ಮೇಲೆ ಕೂರಿಸಿ ಹೊರಗೆ ಉರುಳಿಸಿ ಗೇಲಿ ಮಾಡುತ್ತಾನೆ. ಅಂದರೆ ಆ ಕಾಲಕ್ಕೇ ಅದು ಜನರಿಗೆ ಸವೆದ ತಂತ್ರ.

ನನ್ನದು ಎಂಟಡಿಗೆ ನಾಲ್ಕಡಿ. 18 ಎಂಎಂ ಪ್ಲೈವುಡ್, ಕೆಳಗೆ ಎರಡಿಂಚಿನ ಸಿಲ್ವರ್ ಓಕ್ ರೀಪು. ತಿರುಗುವ ಕ್ಯಾಸ್ಟರ್ ಹಾಕಿ ತಪ್ಪು ಮಾಡಿದೆ. ತಳ್ಳಿದರೆ ಮದುವೆ ಮನೆಯ ಊಟದ ಟ್ರಾಲಿ ಥರ ತನಗೆ ಬೇಕಾದ ಕಡೆ ಹೋಗುತ್ತಿತ್ತು. ನೆಟ್ಟಗೆ ಓಡುವ ಚಕ್ರ ಹಾಕಿ, ನೆಲಕ್ಕೆ ಎರಡು ಆಂಗಲ್ ಹಳಿ ಬಿಗಿದ ಮೇಲೆ ಸರಿಹೋಯಿತು. ಇಬ್ಬರು ಹುಡುಗರು ಹಗ್ಗ ಎಳೆಯುತ್ತಾರೆ. ಸದ್ದು ಬರುತ್ತದೆ, ಬರಲಿ ಬಿಡಿ ಅಂದರು ಮೇಷ್ಟ್ರು.

ಒಂದು ತೊಂದರೆ ಆಯಿತು. ಮುಖವಾಡದ ಕಣ್ಣಿನ ತೂತು ಕಡಲೆಕಾಳಿನಷ್ಟು. ಕಾಲ ಬುಡ ಕಾಣುವುದಿಲ್ಲ. ಎರಡನೇ ತಾಲೀಮಿನಲ್ಲೇ ಹುಡುಗ ಹಲಗೆ ಅಂಚಿಂದ ಕೆಳಗೆ ಬಿದ್ದು ಪಾದ ಉಳುಕಿಸಿಕೊಂಡ. ಅಂಚಿನಿಂದ ಒಂದಡಿ ಒಳಗೆ, ಸುತ್ತಲೂ ಹೆಬ್ಬೆರಳು ದಪ್ಪದ ತೆಂಗಿನ ಹುರಿ ಅಂಟಿಸಿದೆ. ಬರಿಗಾಲಿಗೆ ಹುರಿ ತಾಗಿದರೆ ನಿಲ್ಲು ಅಂತ ಲೆಕ್ಕ. ಆಮೇಲೆ ಅವನು ಕೆಳಗೆ ನೋಡುವುದನ್ನೇ ಬಿಟ್ಟ.

ಕುರಿಗಳು ಗೋಣಿಚೀಲ, ತೆಂಗಿನ ನಾರು. ಮೊದಲು ಮುಖ ಮಾಡಿದ್ದೆ. ತಾಲೀಮು ನೋಡಲು ಬಂದ ಮಕ್ಕಳು ಬಿದ್ದು ಬಿದ್ದು ನಕ್ಕರು. ಮುಖ ತೆಗೆದು, ಬೆನ್ನು ಮತ್ತು ಕಾಲು ಮಾತ್ರ ಕಾಣುವ ಹಾಗೆ ಜೋಡಿಸಿ, ಕೆಮ್ಮಣ್ಣು ಬಳಿದೆ. ನಗು ನಿಂತಿತು.

ಕತ್ತಿ

ಕತ್ತಿ ಶತ್ರು ಹೆಕ್ಟರ್ ಹಿಂದೆ ಕೊಟ್ಟ ಕಾಣಿಕೆ. ಅದನ್ನು ಹಿಡಿ ಕೆಳಗಾಗಿ ಟ್ರಾಯ್ ನೆಲದಲ್ಲಿ ನೆಟ್ಟು, ಸುತ್ತ ಗಟ್ಟಿ ಮಾಡಿದ್ದೇನೆ ಅಂತ ಏಜಾಕ್ಸ್ ಲೆಕ್ಕ ಒಪ್ಪಿಸುವವನ ಹಾಗೆ ಹೇಳುತ್ತಾನೆ. ಮರದ ಕತ್ತಿ ಮಾಡಿ, ಅಲ್ಯೂಮಿನಿಯಂ ಪಟ್ಟಿ ಹೊದಿಸಿ, ಬಯಲಲ್ಲಿ ಗುಂಡಿ ತೋಡಿ ನೆಡುತ್ತಿದ್ದೆ. ಅದು ವಾಲುತ್ತಲೇ ಇತ್ತು.

ನಮ್ಮ ಬೀದಿಯಲ್ಲಿ ಸೈನ್ಯದಿಂದ ನಿವೃತ್ತರಾದ ಹವಾಲ್ದಾರ್ ಒಬ್ಬರಿದ್ದಾರೆ. ಸಂಜೆ ವಾಕಿಂಗ್‌ಗೆ ಬಂದವರು ನಿಂತು ನೋಡಿದರು. ‘ಒಂದೇ ಸಲ ಮಣ್ಣು ತುಂಬ್ಬೇಡಪ್ಪ. ಒಂದು ಗೇಣು ತುಂಬು, ತುಳಿ. ಮತ್ತೊಂದು ಗೇಣು ತುಂಬು, ತುಳಿ. ಟೆಂಟಿನ ಗೂಟ ಹಂಗೇ ನೆಡೋದು.’ ಅವರೇ ತುಳಿದು ತೋರಿಸಿದರು. ಕತ್ತಿ ನಿಂತಿತು. ಇದು ಯಾತಕ್ಕೆ ಅಂತ ಕೇಳಿದರು, ಹೇಳಿದೆ. ಅಮೆರಿಕದಲ್ಲಿ 2008ರಿಂದ ಯುದ್ಧಕ್ಕೆ ಹೋಗಿ ಬಂದ ಸೈನಿಕರ ಮುಂದೆ ಈ ನಾಟಕದ ಭಾಗಗಳನ್ನು ಓದಿಸಿ, ಆಮೇಲೆ ಅವರನ್ನು ಮಾತಾಡಿಸುತ್ತಾರೆ ಅಂತ ಮೇಷ್ಟ್ರು ಹೇಳಿದ್ದನ್ನೂ ಹೇಳಿದೆ. ಅವರು ಏನೂ ಅನ್ನಲಿಲ್ಲ. ಕತ್ತಿ ಅಲ್ಲಾಡಿಸಿ ನೋಡಿ, ಗಟ್ಟಿ ಇದೆ ಅಂತ ತಲೆ ಆಡಿಸಿ ಹೋದರು. ಮಾರನೇ ದಿನದಿಂದ ತಾಲೀಮಿಗೆ ಬಂದು ಕೂರತೊಡಗಿದರು.

ಹೆಣ

ಮೊದಲ ಹೆಣಕ್ಕೆ ಪಿವಿಸಿ ಪೈಪಿನ ಮೂಳೆ, ಹಳೇ ಹಾಸಿಗೆಯ ಹತ್ತಿ. ತೂಕ ಆರು ಕೆಜಿ. ನೋಡಲು ಚೆನ್ನಾಗಿತ್ತು. ಕೊನೆಯಲ್ಲಿ ಟ್ಯೂಸರ್ ಮತ್ತು ಏಜಾಕ್ಸ್‌ನ ಚಿಕ್ಕ ಮಗ ಸೇರಿ ಹೆಣ ಎತ್ತುವ ದೃಶ್ಯ ಇದೆ. ಎತ್ತಿದರು. ಹಾಸಿಗೆ ಒಣಗಿಸಲು ಎತ್ತಿದ ಹಾಗಾಯಿತು. ಭಾರ ಇದೆ ಅಂತ ನಟಿಸಿ ಅಂದರು ಮೇಷ್ಟ್ರು. ಮುಖ ಮುಚ್ಚಿರುವಾಗ ಭಾರವನ್ನು ಮುಖದಲ್ಲಿ ನಟಿಸಲು ಆಗುವುದಿಲ್ಲ. ಬೆನ್ನು, ಮೊಣಕಾಲು ಸುಳ್ಳು ಹೇಳಿದರೆ ಕೊನೇ ಸಾಲಿಗೂ ಕಾಣುತ್ತದೆ.

ಸೊಂಟ, ತೊಡೆ, ಭುಜದ ಜಾಗಕ್ಕೆ ಮರಳಿನ ಚೀಲ ಹೊಲಿದೆ. ಹದಿನೈದು ಕೆಜಿ ಸಾಲದು ಅನ್ನಿಸಿತು, ಮೂವತ್ತಾದರೆ ಹುಡುಗರ ಬೆನ್ನು ಹೋಗುತ್ತದೆ. 22ಕ್ಕೆ ನಿಲ್ಲಿಸಿದೆ. ಭಾರ ಎಲ್ಲಿದೆ ಅನ್ನುವುದೂ ಮುಖ್ಯ. ಸೊಂಟ ಭಾರ ಇದ್ದರೆ ನಡು ಜೋತು ಬೀಳುತ್ತದೆ, ಆಗ ಮನುಷ್ಯನ ಹಾಗೆ ಕಾಣುತ್ತದೆ.

ಕುತ್ತಿಗೆ ಅತೀ ಕಷ್ಟ. ಗಟ್ಟಿ ಇದ್ದರೆ ಅಂಗಡಿಯ ಬೊಂಬೆ, ಸಡಿಲ ಇದ್ದರೆ ಕೋಳಿ. ಸ್ಪ್ರಿಂಗ್ ಹಾಕಿದೆ, ತಲೆ ಕುಣಿಯಿತು. ಕೊನೆಗೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಮೂರು ಎಳೆ ಜಡೆ ಹೆಣೆದು, ಪಕ್ಕದಲ್ಲಿ ಎರಡು ನೈಲಾನ್ ಹುರಿ ಕೊಟ್ಟೆ. ತಲೆ ಒಂದು ಕಡೆ ನಿಧಾನಕ್ಕೆ ಹೊರಳುತ್ತದೆ, ಒಂದು ಹದಕ್ಕೆ ಬಂದು ಹುರಿ ತಡೆಯುತ್ತದೆ. ಅದನ್ನು ಕಂಡುಹಿಡಿದ ರಾತ್ರಿ ಅಂಗಡಿಯಲ್ಲಿ ಒಬ್ಬನೇ ಇದ್ದೆ. ತಲೆ ಹೊರಳಿಸಿ ಹೊರಳಿಸಿ ನೋಡಿ, ಸ್ವಲ್ಪ ಹೆದರಿಕೆಯಾಗಿ ಗೋಣಿ ಮುಚ್ಚಿ ಮನೆಗೆ ಹೋದೆ.

ತಲೆಗೆ ಒಂದು ತೆಂಗಿನಕಾಯಿ. ಸುಮ್ನೆ ಹೇಳುತ್ತಿಲ್ಲ, ಸಿಪ್ಪೆ ಸಮೇತ ಒಣಗಿದ ಕಾಯಿ. ಮುಖವಾಡದ ಒಳಗಿನ ಸಿಂಬೆ ಅದರ ಮೇಲೆ ಸರಿಯಾಗಿ ಕೂರುತ್ತದೆ.

ಅದಲುಬದಲು

ಏಜಾಕ್ಸ್ ಬೀಳುವ ಜಾಗದ ಹತ್ತಿರ ಒಂದು ತೋಪು ಇದೆ ಅಂತ ನಾಟಕದಲ್ಲೇ ಬರುತ್ತದೆ. ಅವನ ಹೆಂಡತಿಯ ಹಾಗಿರುವ ಟೆಕ್ಮೆಸ್ಸಾ ಕೂಗುವುದು ಅಲ್ಲಿಂದಲೇ. ಆಮೇಲೆ ಅವಳು ಬಟ್ಟೆಯಿಂದ ಹೆಣ ಮುಚ್ಚುತ್ತಾಳೆ, ಟ್ಯೂಸರ್ ಬಂದು ತೆಗೆಸುತ್ತಾನೆ. ಅಥೆನ್ಸ್‌ನಲ್ಲಿ ಸಾವನ್ನು ಕಣ್ಣೆದುರೇ ತೋರಿಸಿದರೋ ಮರೆಯಲ್ಲಿಟ್ಟರೋ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತ ಇಲ್ಲ. ನಾವು ಬಿದಿರು ತಡಿಕೆಗೆ ಲಂಟಾನ ಸಿಕ್ಕಿಸಿ ಪೊದೆ ಮಾಡಿದೆವು. ಕತ್ತಿಯ ತುದಿ ಪೊದೆಯ ಮೇಲೆ ಕಾಣುತ್ತದೆ. ಹುಡುಗ ಅದರ ಹಿಂದೆ ಬೀಳುತ್ತಾನೆ. ಹೆಣ ಅಲ್ಲೇ ಗೋಣಿಯ ಕೆಳಗೆ ಕಾದಿರುತ್ತದೆ.

ಆಗ ಮೇಳ ಎರಡು ಗುಂಪಾಗಿ ಏಜಾಕ್ಸ್‌ನನ್ನು ಹುಡುಕಿಕೊಂಡು ಬರುತ್ತದೆ. ಎಲ್ಲಿ, ಎಲ್ಲಿ ಅಂತ. ಟೆಕ್ಮೆಸ್ಸಾ ಕೂಗುವವರೆಗೆ ಮೂಲದಲ್ಲಿ 26 ಸಾಲು. ನಮ್ಮ ಗಡಿಯಾರದಲ್ಲಿ 1 ನಿಮಿಷ 50 ಸೆಕೆಂಡು. ಅಷ್ಟರಲ್ಲಿ ಮುಖವಾಡ ಬಿಚ್ಚಬೇಕು, ತೆಂಗಿನಕಾಯಿಗೆ ಹಾಕಬೇಕು, ಹೆಣವನ್ನು ಕತ್ತಿಗೆ ಒರಗಿಸಬೇಕು, ಹಿಂದಿನಿಂದ ತೆವಳಿ ಹೋಗಬೇಕು. ಮೊದಲ ಸಲ 3 ನಿಮಿಷ 10 ಸೆಕೆಂಡು ಹಿಡಿಯಿತು. ಲಾಡಿ ಬಿಚ್ಚುವುದೇ ತಡ. ಲಾಡಿ ತೆಗೆದು ವೆಲ್ಕ್ರೋ ಹಾಕಿದೆ. 1 ನಿಮಿಷ 20ಕ್ಕೆ ಮುಗಿಯಿತು, ಆದರೆ ಮೇಳ ಮಾತು ನಿಲ್ಲಿಸಿದ ಹೊತ್ತಿಗೇ ಸರಿಯಾಗಿ ಪೊದೆ ಹಿಂದಿನಿಂದ ‘ಪರ್ರ್’ ಅಂತ ಕೇಳಿತು. ಹವಾಲ್ದಾರರೇ ನಕ್ಕುಬಿಟ್ಟರು. ವೆಲ್ಕ್ರೋ ಕಿತ್ತು, ಹಿಂದುಗಡೆ ಎರಡು ಬಟ್ಟೆ ಕುಣಿಕೆ, ಎರಡು ಮರದ ಗುಬುಟು ಹಾಕಿದೆ. ಕತ್ತಲಲ್ಲೂ ಬೆರಳಿಗೆ ಸಿಗುತ್ತದೆ, ಸದ್ದಿಲ್ಲ. ಕೊನೇ ಲೆಕ್ಕ 1 ನಿಮಿಷ 25.

ಮೊದಲ ಪ್ರದರ್ಶನದ ದಿನ ಪೊದೆಯ ಹಿಂದೆ ನಾನೇ ಕೂತಿದ್ದೆ, ಏನಾದರೂ ಸಿಕ್ಕಿಕೊಂಡರೆ ಅಂತ. ಹುಡುಗ ಬಿದ್ದ. ಗುಬುಟು ಬಿಚ್ಚಿದ. ಬೆವರಿಗೆ ಮುಖ ಒದ್ದೆ ಮುದ್ದೆ. ಮುಖವಾಡ ಕಾಯಿಯ ಮೇಲೆ ಇಟ್ಟ. ಒಂದು ಕ್ಷಣ ಅದರ ದವಡೆ ಹಿಡಿದುಕೊಂಡೇ ಇದ್ದ, ಯಾಕೋ ಗೊತ್ತಿಲ್ಲ. ನಾನು ಅವನ ಕೈ ಮೇಲೆ ಮೆಲ್ಲಗೆ ತಟ್ಟಿದೆ. ತೆವಳಿಕೊಂಡು ಹೋದ.

ಏಳು ನಿಮಿಷದ ಮೇಲೆ ತಮ್ಮನ ಮುಖ ಹಾಕಿಕೊಂಡು ಮುಂದಿನಿಂದ ಬಂದ. ಬಟ್ಟೆ ತೆಗೆಯಿರಿ ಅಂದ. ತೆಗೆದರು. ತಲೆ ನಿಧಾನಕ್ಕೆ ಹೊರಳಿ ಹುರಿಗೆ ತಾಗಿ ನಿಂತಿತು. ಮುಖವಾಡದ ಬಾಯಿಂದ ಅವನದೇ ಬೆವರು ಒಂದು ಹನಿ ಇಳಿಯಿತು, ಅದು ಮುಂದಿನ ಸಾಲಿನವರಿಗೂ ಕಂಡಿರಲಿಕ್ಕಿಲ್ಲ. ಅವನಿಗೆ ಕಂಡಿತ್ತು. ‘ಅಯ್ಯೋ’ ತಾಲೀಮಿನಲ್ಲಿ ಇದ್ದದ್ದಕ್ಕಿಂತ ತಡವಾಗಿ ಬಂತು.

ಮುಗಿದ ಮೇಲೆ ಹವಾಲ್ದಾರರು ಹೆಣ ಎತ್ತಿ ಟೆಂಪೋಗೆ ಹಾಕಲು ಕೈ ಕೊಟ್ಟರು. ‘ಎಷ್ಟು ಭಾರ?’ ಅಂದರು. ಇಪ್ಪತ್ತೆರಡು ಅಂದೆ. ‘ಕಮ್ಮಿ ಆಯ್ತು’ ಅಂದರು.

ಬಾಕಿ ಕೆಲಸ ಇಷ್ಟಿದೆ: ಟ್ಯೂಬಿನ ಜಡೆಯಲ್ಲಿ ಒಂದು ಎಳೆ ಹರಿಯುತ್ತಿದೆ. ಏಜಾಕ್ಸ್ ಮುಖವಾಡದ ಗಲ್ಲದ ಒಳಗೆ ಬೂಷ್ಟು ಕಂಡಿದೆ, ವಿನೆಗರ್ ಒರೆಸಿ ನೆರಳಲ್ಲಿ ನೇತುಹಾಕಿದ್ದೇನೆ. ಸಿಂಬೆ ಒಗೆಯಲು ಅಕ್ಕನಿಗೆ ಕೊಟ್ಟಿದ್ದೇನೆ. ಮುಂದಿನ ಪ್ರದರ್ಶನ ಶನಿವಾರ, ಅಷ್ಟರೊಳಗೆ ಇನ್ನು ಮೂರು ಕೆಜಿ ಮರಳು ತರಬೇಕು.